ಮೀನೆಣ್ಣೆ ಮತ್ತು ಎದೆಯ ತಾಳ

ಈಗ ಯಾವ ಊರಿನ ಔಷಧಿ ಅಂಗಡಿಗೆ ಹೋದರೂ ಹೊನ್ನಿನ ಬಣ್ಣದ ಮೀನೆಣ್ಣೆ ಗುಳಿಗೆಗಳ ಡಬ್ಬಿ ಕಣ್ಣಿಗೆ ಬೀಳುತ್ತದೆ. ಅಮೆರಿಕದಿಂದ ರಜೆಗೆ ಬರುವ ಮಕ್ಕಳೂ ಅಪ್ಪ ಅಮ್ಮನಿಗೆಂದು ಒಂದು ಡಬ್ಬಿ ತರುತ್ತಾರೆ. “ಹೃದಯಕ್ಕೆ ಒಳ್ಳೆಯದಂತೆ” ಎಂಬ ಒಂದೇ ಮಾತಿನ ಬಲದಿಂದ ಅದು ಮನೆಯೊಳಗೆ ಬಂದುಬಿಡುತ್ತದೆ. ಆ ‘ಅಂತೆ’ ಎಲ್ಲಿ ಹುಟ್ಟಿತು, ಐವತ್ತು ವರ್ಷಗಳಲ್ಲಿ ಅದು ಏನಾಯಿತು ಎಂಬುದಕ್ಕೆ ಒಂದು ಚರಿತ್ರೆಯಿದೆ. ಮನೆಯ ಹಿರಿಯರಿಗೆ ಗುಳಿಗೆ ಎಣಿಸಿ ಕೊಡುವವರು ಹೆಚ್ಚಾಗಿ ನಾವು ಹೆಂಗಸರೇ ಆದ್ದರಿಂದ ಅದನ್ನು ನಾವು ತಿಳಿದಿರಬೇಕು.

1970ರಲ್ಲಿ ಡೆನ್ಮಾರ್ಕಿನ ಇಬ್ಬರು ವೈದ್ಯರು, ಹಾನ್ಸ್ ಓಲಾಫ್ ಬಾಂಗ್ ಮತ್ತು ಯೋರ್ನ್ ಡ್ಯೂರ್‌ಬರ್ಗ್, ಗ್ರೀನ್‌ಲ್ಯಾಂಡಿನ ಪಶ್ಚಿಮ ತೀರಕ್ಕೆ ಹೋದರು. ಅಲ್ಲಿನ ಇನುಯಿಟ್ ಜನರ ಊಟವೆಂದರೆ ಸೀಲ್, ತಿಮಿಂಗಿಲ, ಮೀನು. ಅಷ್ಟು ಕೊಬ್ಬು ತಿಂದರೂ ಅವರ ರಕ್ತದಲ್ಲಿ ಕೊಲೆಸ್ಟರಾಲ್ ಡೆನ್ಮಾರ್ಕಿನವರಿಗಿಂತ ಕಡಿಮೆ ಇತ್ತು. ಕಡಲ ಕೊಬ್ಬಿನಲ್ಲಿರುವ ಒಮೆಗಾ-3 ಇದಕ್ಕೆ ಕಾರಣವೆಂಬ ವಿಚಾರ ಇಲ್ಲಿಂದ ಬೆಳೆಯಿತು. ಆದರೆ ಆ ವೈದ್ಯರು ಪರೀಕ್ಷಿಸಿದ್ದು ರಕ್ತವನ್ನು; ಹೃದ್ರೋಗ ಕಡಿಮೆ ಎಂಬುದಕ್ಕೆ ನೆಚ್ಚಿಕೊಂಡದ್ದು ಸರ್ಕಾರಿ ದಾಖಲೆಗಳನ್ನು. ಇದನ್ನು ಕೆನಡಾದ ತಜ್ಞರು 2014ರಲ್ಲಿ ಎತ್ತಿ ತೋರಿಸುವ ಹೊತ್ತಿಗೆ ಕಥೆ ಲೋಕವನ್ನೆಲ್ಲ ಸುತ್ತಿ ಬಂದಿತ್ತು.

ಮುಂದಿನ ಹೆಜ್ಜೆ ಬ್ರಿಟನ್ನಿನ ವೇಲ್ಸ್ ಸೀಮೆಯದು. ಹೃದಯಾಘಾತದಿಂದ ಬದುಕುಳಿದ 2033 ಗಂಡಸರ ಮೇಲೆ ಮೈಕೇಲ್ ಬರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ಫಲ 1989ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಸಲ ಕೊಬ್ಬುಳ್ಳ ಮೀನು ತಿನ್ನಿ ಎಂಬ ಸಲಹೆ ಪಡೆದವರಲ್ಲಿ ಎರಡು ವರ್ಷಗಳೊಳಗೆ ಸಾವು ಶೇಕಡಾ 29ರಷ್ಟು ಕಡಿಮೆಯಾಗಿತ್ತು. ವಿಚಿತ್ರವೆಂದರೆ ಮತ್ತೆ ಹೃದಯಾಘಾತ ಆಗುವುದು ಮಾತ್ರ ಕಡಿಮೆಯಾಗಿರಲಿಲ್ಲ. ಹಾಗಾದರೆ ಮೀನು ಉಳಿಸಿದ್ದು ಯಾವುದರಿಂದ? ಹೃದಯದ ತಾಳ ತಪ್ಪುವುದರಿಂದ ಇರಬೇಕು ಎಂಬ ಊಹೆ ಬಲವಾಯಿತು.

ತಾಳ ತಪ್ಪುವುದರಲ್ಲಿ ಮುಖ್ಯವಾಗಿ ಎರಡು ಬಗೆಯನ್ನು ನಾವು ಬೇರೆ ಮಾಡಿ ನೋಡಬೇಕು. ಹೃದಯದ ಕೆಳಗಿನ ಕೋಣೆಗಳು ಮಿಡಿಯುವುದನ್ನು ಬಿಟ್ಟು ಬರಿದೆ ನಡುಗತೊಡಗಿದರೆ ರಕ್ತದ ಓಟ ನಿಂತು ನಿಮಿಷಗಳಲ್ಲಿ ಸಾವು ಬರುತ್ತದೆ. ಮೇಲಿನ ಕೋಣೆಗಳು ನಡುಗಿದರೆ ಮನುಷ್ಯ ಓಡಾಡಿಕೊಂಡೇ ಇರಬಹುದು. ಆದರೆ ಅಲ್ಲಿ ರಕ್ತ ಮಡುಗಟ್ಟಿ, ಹೆಪ್ಪಾಗಿ, ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಈ ಎರಡನೆಯದನ್ನು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ.

ಮೊದಮೊದಲು ಎಲ್ಲರ ಗಮನವೂ ಕೆಳಕೋಣೆಯ ಮೇಲಿತ್ತು. ಅಮೆರಿಕದ ಬಾಸ್ಟನ್ ನಗರದಲ್ಲಿ ಅಲೆಕ್ಸಾಂಡರ್ ಲೀಫ್ ಮತ್ತು ಜಿಂಗ್ ಕಾಂಗ್ 1990ರ ದಶಕದಲ್ಲಿ ಎಳೆ ಇಲಿಗಳ ಹೃದಯಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ವಿಷ ಹಾಕಿದಾಗ ತಾಳಗೆಟ್ಟು ಓಡಿದ ಕೋಶಗಳು ಒಮೆಗಾ-3 ಹಾಕಿದಾಗ ಸಮನಾಗಿ ಮಿಡಿದವು. ಕೋಶದೊಳಗೆ ಸೋಡಿಯಂ, ಕ್ಯಾಲ್ಸಿಯಂ ನುಗ್ಗುವ ಬಾಗಿಲುಗಳನ್ನು ಆ ಎಣ್ಣೆ ಹದವಾಗಿಡುತ್ತದೆ ಎಂದು ಅವರು ವಿವರಿಸಿದರು. 1999ರಲ್ಲಿ ಇಟಲಿಯಿಂದ ಇನ್ನೂ ಸಿಹಿಯಾದ ಸುದ್ದಿ ಬಂತು. ಹೃದಯಾಘಾತವಾಗಿದ್ದ 11,324 ಜನರ ಪ್ರಯೋಗದಲ್ಲಿ ದಿನಕ್ಕೆ ಒಂದು ಗ್ರಾಂ ಒಮೆಗಾ-3 ಸೇವಿಸಿದವರಲ್ಲಿ ಹಠಾತ್ ಸಾವು ಕಡಿಮೆಯಾಗಿತ್ತು.

ಅಲ್ಲಿಂದಾಚೆಗೆ ಕಥೆ ತಿರುಗಿತು. ಅದೇ ಬರ್ ಅವರು ಎದೆನೋವಿನ ರೋಗವಿದ್ದ 3114 ಗಂಡಸರ ಮೇಲೆ ಮತ್ತೊಂದು ಪ್ರಯೋಗ ಮಾಡಿ 2003ರಲ್ಲಿ ಪ್ರಕಟಿಸಿದರು. ಈ ಸಲ ಲಾಭವಿರಲಿ, ಮೀನೆಣ್ಣೆ ಗುಳಿಗೆ ನುಂಗಿದವರಲ್ಲಿ ಹೃದಯದ ಸಾವುಗಳು ಹೆಚ್ಚೇ ಆಗಿದ್ದವು. ಎದೆಯೊಳಗೆ ವಿದ್ಯುತ್ ಯಂತ್ರ ಅಳವಡಿಸಿಕೊಂಡವರಲ್ಲಿ 2005 ಮತ್ತು 2006ರಲ್ಲಿ ನೋಡಿದಾಗಲೂ ಖಚಿತವಾದ ರಕ್ಷಣೆ ಕಾಣಲಿಲ್ಲ. ತನ್ನ ಹಳೆಯ ಫಲಕ್ಕೆ ವಿರುದ್ಧವಾದ ಫಲವನ್ನೂ ಮುಚ್ಚಿಡದೆ ಲೋಕದ ಮುಂದಿಟ್ಟ ಆ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

ಇನ್ನು ಮೇಲಿನ ಕೋಣೆಯ ಸರದಿ. ಒಮೆಗಾ-3ರ ಒಂದು ಶುದ್ಧ ರೂಪವನ್ನು ದಿನಕ್ಕೆ ನಾಲ್ಕು ಗ್ರಾಂನಂತೆ 8179 ಜನರಲ್ಲಿ ಪರೀಕ್ಷಿಸಿದ ವರದಿ 2018ರಲ್ಲಿ ಹೊರಬಂತು. ಅದನ್ನು ಪಡೆದವರಲ್ಲಿ ಹೃದಯಾಘಾತ ಮುಂತಾದವು ಶೇಕಡಾ 25ರಷ್ಟು ಇಳಿದವು. ಆದರೆ ಮೇಲ್ಕೋಣೆಯ ನಡುಕದಿಂದ ಆಸ್ಪತ್ರೆ ಸೇರಿದವರು ನೂರಕ್ಕೆ 2.1ರ ಬದಲು 3.1 ಆದರು. 2021ರಲ್ಲಿ ಏಳು ಪ್ರಯೋಗಗಳ 81,210 ಜನರ ಲೆಕ್ಕ ಕೂಡಿಸಿದಾಗ, ದಿನಕ್ಕೆ ಒಂದು ಗ್ರಾಂಗಿಂತ ಹೆಚ್ಚು ಸೇವಿಸಿದ ಪ್ರಯೋಗಗಳಲ್ಲಿ ಈ ನಡುಕದ ಅಪಾಯ ಶೇಕಡಾ 49ರಷ್ಟು ಏರಿತ್ತು. ಒಂದು ಗ್ರಾಂ ಅಥವಾ ಕಡಿಮೆ ಇದ್ದಲ್ಲಿ ಶೇಕಡಾ 12ರಷ್ಟು. ತಾಳ ಹಿಡಿಯುತ್ತದೆಂದು ನಂಬಿದ ಎಣ್ಣೆಯೇ ಕೆಲವರಲ್ಲಿ ತಾಳ ತಪ್ಪಿಸುತ್ತದೆ ಎಂದಾಯಿತು. 2023ರಲ್ಲಿ ಯೂರೋಪಿನ ಔಷಧ ನಿಯಂತ್ರಕರು ಇಂಥ ಒಮೆಗಾ-3 ಔಷಧಿಗಳ ಚೀಟಿಯಲ್ಲಿ ಈ ಅಡ್ಡಪರಿಣಾಮವನ್ನು ಬರೆಯಬೇಕೆಂದರು.

ಇದನ್ನೋದಿ ಮೀನಿನ ಮೇಲೆ ಸಿಟ್ಟಾಗುವುದು ಬೇಡ. ತಿನ್ನುವವರ ಮನೆಯ ಬಂಗುಡೆ, ಬೂತಾಯಿ ಸಾರು ಊಟ, ಡಬ್ಬಿಯಲ್ಲಿರುವುದು ಔಷಧಿ. ಊಟಕ್ಕೆ ಹೇಳಿದ ಮಾತನ್ನು ಔಷಧಿಗೆ ಅಂಟಿಸಿದ್ದೇ ಈ ಚರಿತ್ರೆಯ ತೊಡಕು. ಸಾಮಾನ್ಯವಾದ ಒಂದು ಸಾವಿರ ಮಿಲಿಗ್ರಾಂ ಗುಳಿಗೆಯಲ್ಲಿ ಒಮೆಗಾ-3 ಸುಮಾರು ಮುನ್ನೂರು ಮಿಲಿಗ್ರಾಂ ಇರುತ್ತದೆ. ಕೆಲವದರಲ್ಲಿ ಬಹಳ ಹೆಚ್ಚು. ಆದ್ದರಿಂದ ಹಿಂಬದಿಯ ಸಣ್ಣ ಅಕ್ಷರ ಓದಿ. ವೈದ್ಯರೇ ಬರೆದುಕೊಟ್ಟಿದ್ದರೆ ಅವರನ್ನು ಕೇಳದೆ ನಿಲ್ಲಿಸಬೇಡಿ. ನೀವಾಗಿ ಕೊಡುತ್ತಿದ್ದರೆ ಅವರಿಗೆ ತಿಳಿಸಿ. ಮನೆಯ ಹಿರಿಯರು ಎದೆ ಢವಗುಟ್ಟುತ್ತದೆ, ಸುಸ್ತು ಎಂದರೆ ವಯಸ್ಸಾಯಿತೆಂದು ತಳ್ಳಿಹಾಕದೆ ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಮಿಡಿತ ಅಡ್ಡಾದಿಡ್ಡಿ ಇದ್ದರೆ ತಡಮಾಡದೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ.