ನೋಡಿದವನೂ ಆಡಿದವನೂ: ವಿಡಿಯೋ ಆಟಗಳ ಚರಿತ್ರೆಯಿಂದ ಒಂದು ಪ್ರಶ್ನೆ

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳಿಬ್ಬರೂ ನಮ್ಮ ಮನೆಯಲ್ಲಿದ್ದರು. ಬೆಂಗಳೂರಿನಿಂದ ಬಂದ ಮಗನ ಮಗ ತನ್ನ ಪ್ಲೇಸ್ಟೇಷನ್ ಯಂತ್ರವನ್ನೂ ಜೊತೆಗೇ ತಂದಿದ್ದ. ತೀರ್ಥಹಳ್ಳಿಯ ಕಡೆಯಿಂದ ಬಂದ ಮಗಳ ಮಗನ ಬಳಿ ಅಂಥದ್ದೇನೂ ಇಲ್ಲ. ಸಂಜೆ ಅವನ ಅಮ್ಮನ ಮೊಬೈಲು ಒಂದು ಗಂಟೆ ಸಿಕ್ಕಿದರೆ ಅದೇ ಅವನ ಭಾಗ್ಯ. ಅದರಲ್ಲಿ ಅವನು ಬೇರೆ ಯಾರೋ ಆಡುವ ವಿಡಿಯೋ ಆಟಗಳನ್ನು ಯೂಟ್ಯೂಬಿನಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡುತ್ತಾನೆ.

ಒಂದು ಮಧ್ಯಾಹ್ನ ದೊಡ್ಡವನು ಸ್ಪೈಡರ್‌ಮ್ಯಾನ್ ಆಟದ ಯಾವುದೋ ಘಟ್ಟದಲ್ಲಿ ಸಿಕ್ಕಿಕೊಂಡು ಮತ್ತೆ ಮತ್ತೆ ಸೋಲುತ್ತಿದ್ದ. ಪಕ್ಕದಲ್ಲಿ ಕುಳಿತ ಚಿಕ್ಕವನು, "ಈಗ ಎಡಗಡೆಯಿಂದ ಬರ್ತಾನೆ ನೋಡು, ಮೊದಲು ತಪ್ಪಿಸ್ಕೋ" ಎಂದು ಉಪಾಯ ಹೇಳಿದ. ಅದು ಸರಿಯಾಗಿಯೇ ಇತ್ತು. ಜಗಳ ಹುಟ್ಟಿದ್ದೂ ಅದರಿಂದಲೇ. "ನೀನು ಒಂದು ದಿನವಾದ್ರೂ ಆಡಿದ್ದೀಯಾ? ಸುಮ್ನೆ ನೋಡಿದವನಿಗೆ ಏನು ಗೊತ್ತು?" ಎಂದು ದೊಡ್ಡವನು ಗದರಿದ. ಪಂಚಾಯಿತಿ ನನ್ನ ಬಳಿಗೆ ಬಂತು. ಮಧ್ಯಾಹ್ನದ ನಿದ್ದೆ ಕೆಟ್ಟ ಅಸಮಾಧಾನದಲ್ಲಿ ನಾನು ಹಿಂದುಮುಂದು ನೋಡದೆ, "ಆಡುವುದು ಬೇರೆ, ನೋಡುವುದು ಬೇರೆ ಕಣಪ್ಪಾ. ದಡದಲ್ಲಿ ನಿಂತು ಈಜು ಕಲಿಯೋಕಾಗುತ್ತದೆಯೇ?" ಎಂದು ತೀರ್ಪು ಕೊಟ್ಟೆ.

ಚಿಕ್ಕವನ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತಿನ ನಂತರ ಬಂದು, "ಅಜ್ಜ, ವಿಶ್ವನಾಥ್ ಅವರ 97 ರನ್ ಅಂತ ಯಾವಾಗ್ಲೂ ಹೇಳ್ತೀರಲ್ಲ, ಆ ಮ್ಯಾಚ್ ನೀವು ನೋಡಿದ್ರಾ?" ಎಂದು ಕೇಳಿದ.

ನಾನು ಉತ್ತರಿಸಲು ತಡವರಿಸಿದೆ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಆ 97ರ ಕಥೆ ಬಾಯಿಪಾಠವಾಗಿರಬೇಕು. 1975ರ ಜನವರಿ, ಮದರಾಸಿನ ಟೆಸ್ಟ್ ಪಂದ್ಯ. ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ಇನಿಂಗ್ಸ್‌ನಲ್ಲಿ ಭಾರತದ ಮೊತ್ತ 190. ಅದರಲ್ಲಿ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥರದು ಔಟಾಗದೆ 97. ಭಾರತ ಆ ಪಂದ್ಯವನ್ನು 100 ರನ್ನುಗಳಿಂದ ಗೆದ್ದಿತು. ನಾನಾಗ ಹೈಸ್ಕೂಲು ಹುಡುಗ. ಪಂದ್ಯವನ್ನು ಆಡುವುದಿರಲಿ, ನೋಡಿಯೂ ಇರಲಿಲ್ಲ. ನಮ್ಮೂರಿನ ಅಂಗಡಿಯ ಜಗುಲಿಯ ಮೇಲೆ ಕುಳಿತು, ಅರ್ಧಂಬರ್ಧ ತಿಳಿಯುವ ಇಂಗ್ಲಿಷ್ ವೀಕ್ಷಕ ವಿವರಣೆಯನ್ನು ರೇಡಿಯೋದಲ್ಲಿ ಕೇಳಿದ್ದೆ, ಅಷ್ಟೆ. ಆದರೂ ಐವತ್ತು ವರ್ಷಗಳಿಂದ ಅದನ್ನು ನನ್ನ ಸ್ವಂತ ಆಸ್ತಿಯಂತೆ ಹಂಚುತ್ತಾ ಬಂದಿದ್ದೇನೆ. ಹಾಗಿರುವಾಗ ಆ ಹುಡುಗನಿಗೆ ನಾನು ಯಾವ ಬಾಯಿಂದ ತೀರ್ಪು ಕೊಟ್ಟೆ?

ಅಂದಿನಿಂದ, ಸಮಾಜ ವಿಜ್ಞಾನದ ಮೇಷ್ಟ್ರ ಹಳೆಯ ಚಾಳಿಯಂತೆ, ಈ ಆಟಗಳ ಚರಿತ್ರೆಯನ್ನು ಸ್ವಲ್ಪ ಓದಿದೆ. ಕೆಲವು ಸಂಗತಿಗಳು ನನಗೆ ಆಶ್ಚರ್ಯವನ್ನುಂಟುಮಾಡಿದವು. ಅವನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ವಿಡಿಯೋ ಆಟವನ್ನು ನೋಡುವ ಹವ್ಯಾಸ ಯೂಟ್ಯೂಬಿನೊಂದಿಗೆ ಹುಟ್ಟಿದ್ದಲ್ಲ. 1978ರಲ್ಲಿ ಜಪಾನಿನ ಟೈಟೋ ಕಂಪನಿಯ ತೊಮೊಹಿರೊ ನಿಶಿಕಾಡೊ ಅವರು ರೂಪಿಸಿದ ಸ್ಪೇಸ್ ಇನ್ವೇಡರ್ಸ್ ಬಂದಾಗ, ಆಟಗಳು ನಾಣ್ಯ ಹಾಕಿ ಆಡುವ ಯಂತ್ರಗಳಲ್ಲಿದ್ದವು. ಒಂದು ಯಂತ್ರದಲ್ಲಿ ಒಮ್ಮೆಗೆ ಒಬ್ಬಿಬ್ಬರಷ್ಟೇ ಆಡಬಹುದು. ಉಳಿದವರು ಹಿಂದೆ ನಿಂತು ನೋಡಬೇಕು. ನಾಣ್ಯವಿಲ್ಲದವನೂ ನೋಡಬಹುದಿತ್ತು. 1980ರಲ್ಲಿ ಅಮೆರಿಕದಲ್ಲಿ ಅಟಾರಿ ಕಂಪನಿ ಇದೇ ಆಟದ ಪಂದ್ಯಾವಳಿ ನಡೆಸಿದಾಗ ಸುಮಾರು 10,000 ಮಂದಿ ಭಾಗವಹಿಸಿದರು. 1981ರಲ್ಲಿ ಅಯೋವಾ ರಾಜ್ಯದ ಆಟಮ್ವಾ ಎಂಬ ಸಣ್ಣ ಊರಿನಲ್ಲಿ ವಾಲ್ಟರ್ ಡೇ ಎಂಬಾತ ಟ್ವಿನ್ ಗ್ಯಾಲಕ್ಸೀಸ್ ಎಂಬ ಆಟದಂಗಡಿ ತೆರೆದು, ಮುಂದೆ ದೇಶದ ಎಲ್ಲೆಡೆಯ ಅತ್ಯಧಿಕ ಅಂಕಗಳ ಲೆಕ್ಕ ಇಡತೊಡಗಿದ. ಲೆಕ್ಕ ಇಡುವುದೆಂದರೇನು? ಆಡಿದ್ದಕ್ಕೆ ಸಾಕ್ಷಿ ಬೇಕು ಎಂದೇ ಅರ್ಥ. ನೋಡುಗನಿಲ್ಲದೆ ದಾಖಲೆಯೂ ಇಲ್ಲ.

ಎರಡನೆಯ ಘಟ್ಟ 1993ರ ಡಿಸೆಂಬರಿನಲ್ಲಿ ಬಂದ ಡೂಮ್ ಎಂಬ ಆಟದ್ದು. ಆಡಿದವನು ಒತ್ತಿದ ಗುಂಡಿಗಳ ಕ್ರಮವನ್ನೇ ಒಂದು ಪುಟ್ಟ ಕಡತದಲ್ಲಿ ಬರೆದಿಡುವ ಅನುಕೂಲ ಅದರಲ್ಲಿತ್ತು. ಆ ಕಡತವನ್ನು ಬೇರೆಯವರು ತಮ್ಮ ಕಂಪ್ಯೂಟರಿನಲ್ಲಿ ಹಾಕಿದರೆ ಆಟ ತಾನೇ ಮರಳಿ ನಡೆಯುತ್ತಿತ್ತು. ಜಗತ್ತಿನ ಯಾವ ಮೂಲೆಯವನ ಕೈಚಳಕವನ್ನಾದರೂ ಇನ್ನೊಬ್ಬ ತನ್ನ ಮನೆಯಲ್ಲೇ ಕುಳಿತು ಪರಿಶೀಲಿಸಿ, ಅದನ್ನು ಮೀರಿಸಲು ಯತ್ನಿಸಬಹುದಾಯಿತು. ಹೀಗೆಯೇ 1997ರಲ್ಲಿ ಕ್ವೇಕ್ ಎಂಬ ಇಡೀ ಆಟವನ್ನು ಅತಿ ಕಠಿಣ ಮಟ್ಟದಲ್ಲಿ ಒಂದು ಗುಂಪು 19 ನಿಮಿಷ 49 ಸೆಕೆಂಡುಗಳಲ್ಲಿ ಮುಗಿಸಿ ತೋರಿಸಿತು. ಇಲ್ಲಿ ನೋಡುವುದು ಕಲಿಕೆಯ ದಾರಿಯಾಯಿತು. ದಡದಲ್ಲಿ ನಿಂತು ಈಜು ಕಲಿಯಲಾಗದು ಎಂಬ ನನ್ನ ಗಾದೆ ಇಲ್ಲಿಯೇ ಅರ್ಧ ಮುಳುಗಿತು.

ಮೂರನೆಯದು ದಕ್ಷಿಣ ಕೊರಿಯಾದ ಕಥೆ. 1997ರ ಆರ್ಥಿಕ ಬಿಕ್ಕಟ್ಟಿನ ನಂತರ ಅಲ್ಲಿ ವೇಗದ ಇಂಟರ್ನೆಟ್ ಹರಡಿತು. ಗಂಟೆಯ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆಗೆ ಕೊಡುವ 'ಪಿಸಿ ಬಾಂಗ್' ಎಂಬ ಅಂಗಡಿಗಳು ಬೀದಿ ಬೀದಿಯಲ್ಲಿ ಎದ್ದವು. 1998ರಲ್ಲಿ ಬಂದ ಸ್ಟಾರ್‌ಕ್ರಾಫ್ಟ್ ಅಲ್ಲಿನ ಯುವಕರ ಮನೆಮಾತಾಯಿತು. 2000ದಲ್ಲಿ ಆಟಗಳನ್ನು ತೋರಿಸುವುದಕ್ಕೆಂದೇ ಆನ್‌ಗೇಮ್‌ನೆಟ್ ಎಂಬ ಟಿವಿ ವಾಹಿನಿ ಆರಂಭವಾಯಿತು. 2004ರಲ್ಲಿ ಬೂಸಾನ್ ನಗರದ ಗ್ವಾಂಗಲ್ಲಿ ಕಡಲತೀರದಲ್ಲಿ ನಡೆದ ಅಂತಿಮ ಪಂದ್ಯಕ್ಕೆ ಲಕ್ಷ ಜನ ಸೇರಿದ್ದರೆಂದು ವರದಿಯಾಗಿತ್ತು. ಅವರಲ್ಲಿ ಎಷ್ಟು ಮಂದಿ ಅಷ್ಟು ಚೆನ್ನಾಗಿ ಆಡಬಲ್ಲವರು? ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೂಗುವವರಲ್ಲಿ ಎಷ್ಟು ಮಂದಿ ವೇಗದ ಚೆಂಡನ್ನು ಎದುರಿಸಬಲ್ಲರೋ ಅಷ್ಟೇ. ಅವರನ್ನು ಅಭಿಮಾನಿಗಳಲ್ಲ ಎನ್ನಲು ಯಾರಿಗೂ ಧೈರ್ಯವಿಲ್ಲ.

ಇನ್ನು, ಚತುರರ ಆಟವನ್ನು ಮಾತ್ರ ಜನ ನೋಡುತ್ತಾರೆಂದೂ ಇಲ್ಲ. ಜಪಾನಿನಲ್ಲಿ 2003ರಲ್ಲಿ ಆರಂಭವಾದ ಗೇಮ್ ಸೆಂಟರ್ ಸಿಎಕ್ಸ್ ಎಂಬ ಕಾರ್ಯಕ್ರಮದಲ್ಲಿ ಶಿನ್ಯಾ ಅರಿನೊ ಎಂಬ ಹಾಸ್ಯನಟ ಹಳೆಯ ಆಟಗಳನ್ನು ಆಡುತ್ತಾ ಪದೇ ಪದೇ ಸೋಲುತ್ತಾನೆ, ಆದರೂ ಬಿಡುವುದಿಲ್ಲ. ಅದನ್ನು ನೋಡುವುದೇ ಜನರಿಗೆ ಖುಷಿ. ಅಮೆರಿಕದ ಸಮ್‌ಥಿಂಗ್ ಆಫುಲ್ ಎಂಬ ತಾಣದಲ್ಲಿ ಆಟದ ಚಿತ್ರಗಳಿಗೆ ಮಾತು ಸೇರಿಸುವ ರೂಢಿ ಬೆಳೆದು, 2007ರ ಸುಮಾರಿಗೆ ಅದು ಮಾತು ಸೇರಿಸಿದ ವಿಡಿಯೋ ಆಯಿತು. ಅದಕ್ಕೆ 'ಲೆಟ್ಸ್ ಪ್ಲೇ', ಅಂದರೆ 'ಬನ್ನಿ ಆಡೋಣ' ಎಂಬ ಹೆಸರು. ಆಡುವವನು ಒಬ್ಬನೇ ಆದರೂ ಹೆಸರು ಬಹುವಚನದಲ್ಲಿದೆ! 2011ರಲ್ಲಿ ನೇರಪ್ರಸಾರಕ್ಕೆಂದು ಟ್ವಿಚ್ ಬಂತು; 2014ರಲ್ಲಿ ಅಮೆಜಾನ್ ಅದನ್ನು ಸುಮಾರು 97 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅದೇ ವರ್ಷ ಟ್ವಿಚ್‌ನಲ್ಲಿ ನೋಡುಗರೇ ಸಂದೇಶಗಳ ಮೂಲಕ ಆಜ್ಞೆ ಕೊಟ್ಟು ಪೋಕೆಮಾನ್ ಆಟವೊಂದನ್ನು ಹದಿನಾರು ದಿನಗಳಲ್ಲಿ ಮುಗಿಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಒಂದೇ ಗೊಂಬೆಯನ್ನು ನಡೆಸಿದರಂತೆ. ಅಲ್ಲಿ ಆಡಿದವರು ಯಾರು, ನೋಡಿದವರು ಯಾರು ಎಂದು ಗೆರೆ ಎಳೆಯುವುದು ಕಷ್ಟ.

ಇಷ್ಟು ಓದಿದ ಮೇಲೆ ಚಿಕ್ಕವನ ಪರವಾಗಿಯೇ ತೀರ್ಪು ಬರೆಯಲು ಕುಳಿತೆ. ಅಷ್ಟರಲ್ಲಿ ಇನ್ನೊಂದು ಪ್ರಸಂಗ ಎದುರಾಗಿ ಲೇಖನಿ ನಿಂತಿತು.

ಅಮೆರಿಕದ ಕೊಲರಾಡೋದಲ್ಲಿ ರಯಾನ್ ಗ್ರೀನ್ ಮತ್ತು ಏಮಿ ಗ್ರೀನ್ ಎಂಬ ದಂಪತಿಗಳು. ಅವರ ಮಗ ಜೋಯೆಲ್‌ಗೆ ಒಂದು ವರ್ಷವಾಗುವ ಹೊತ್ತಿಗೆ ಮಿದುಳಿನ ಕ್ಯಾನ್ಸರ್ ಎಂದು ತಿಳಿಯಿತು. ಮಗು ಹೋರಾಡಿ 2014ರ ಮಾರ್ಚಿನಲ್ಲಿ, ಐದನೆಯ ವಯಸ್ಸಿನಲ್ಲಿ ತೀರಿಕೊಂಡಿತು. ಮಗನ ಬದುಕನ್ನೇ ಅವರು ಗೆಳೆಯರೊಡನೆ ಸೇರಿ ಒಂದು ಆಟವಾಗಿ ರೂಪಿಸಿ, 2016ರ ಜನವರಿಯಲ್ಲಿ ಹೊರತಂದರು. 'ದಟ್ ಡ್ರ್ಯಾಗನ್, ಕ್ಯಾನ್ಸರ್' ಎಂದು ಅದರ ಹೆಸರು. ಎರಡು ಗಂಟೆಯೊಳಗೆ ಮುಗಿಯುವ ಆಟ. ಲಕ್ಷಾಂತರ ಜನ ಅದನ್ನು ಪೂರ್ತಿಯಾಗಿ ವಿಡಿಯೋಗಳಲ್ಲಿ ನೋಡಿ ಕಣ್ಣೀರಿಟ್ಟರು. ಆದರೆ ಕೊಂಡವರು ಬಹಳ ಕಡಿಮೆ. ಅದೇ ವರ್ಷದ ಮಾರ್ಚಿನಲ್ಲಿ ತಯಾರಕರು, ಮಾರಾಟದಿಂದ ತಮಗಿನ್ನೂ ಒಂದು ಡಾಲರೂ ಉಳಿದಿಲ್ಲವೆಂದು ಬಹಿರಂಗವಾಗಿ ಬರೆದರು. ಅವರ ಧಾಟಿ ಬೈಗುಳದ್ದಲ್ಲ. ಪೂರ್ತಿ ಆಟವನ್ನು ಮಾತಿಲ್ಲದೆ ಹಾಗೆಯೇ ತೋರಿಸಬೇಡಿ, ಸ್ವಲ್ಪ ತೋರಿಸಿ ಅದರ ಬಗ್ಗೆ ಮಾತನಾಡಿ, ನೋಡಿ ಮೆಚ್ಚಿದವರು ಏನಾದರೂ ಕೊಡಿ ಎಂಬುದಷ್ಟೇ ಅವರ ಕೋರಿಕೆ. 2017ರಲ್ಲಿ ಅದಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಬಂತು.

ನಾನೂ ಆ ತಪ್ಪಿತಸ್ಥರಲ್ಲಿ ಒಬ್ಬ. ಮೊದಲು ಅದನ್ನು ವಿಡಿಯೋದಲ್ಲಿಯೇ ನೋಡಿದೆ, ಕಣ್ಣು ತುಂಬಿತು. ಆಮೇಲೆ ಮಗನಿಗೆ ಹೇಳಿ ಹಣ ಕೊಟ್ಟು ಕೊಂಡು, ಅವನ ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ಕುಳಿತೆ. ಅದರಲ್ಲೊಂದು ಆಸ್ಪತ್ರೆಯ ರಾತ್ರಿಯಿದೆ. ಮಗು ನಿರ್ಜಲೀಕರಣದಿಂದ ಬಳಲಿ ಎಡೆಬಿಡದೆ ಅಳುತ್ತಿದೆ, ಕುಡಿಸಿದ್ದೆಲ್ಲ ವಾಂತಿಯಾಗುತ್ತದೆ. ತಂದೆಯ ಕೈ ನಮ್ಮ ಕೈಯಲ್ಲಿದೆ. ಕೋಣೆಯಲ್ಲಿ ಎಲ್ಲಿ ಒತ್ತಿದರೂ ಏನೂ ಆಗುವುದಿಲ್ಲ. ವಿಡಿಯೋದಲ್ಲಿ ಆ ದೃಶ್ಯ ನೋಡುವಾಗ, ಆಡುತ್ತಿದ್ದವನು ಬೇಗ ಸರಿಯಾದುದನ್ನು ಒತ್ತಬಾರದೇ ಎಂದು ನನಗನಿಸಿತ್ತು. ನಾನೇ ಒತ್ತತೊಡಗಿದಾಗ ತಿಳಿಯಿತು, ಸರಿಯಾದುದು ಎಂಬುದು ಅಲ್ಲಿ ಇಲ್ಲವೇ ಇಲ್ಲ. ಆ ಅಸಹಾಯಕತೆ ಪ್ರಯತ್ನಿಸಿದವನಿಗೆ ಮಾತ್ರ ದಕ್ಕುವಂಥದು. ನೋಡಿದಾಗ ನಾನು ಆ ತಂದೆಗಾಗಿ ಮರುಗಿದ್ದೆ. ಆಡುವಾಗ ಆತನ ಸ್ಥಾನದಲ್ಲಿ ಎರಡು ನಿಮಿಷ ಕುಳಿತಿದ್ದೆ.

ಆದುದರಿಂದ ನನ್ನ ತಿದ್ದಿದ ತೀರ್ಪು ಹೀಗಿದೆ. ಕೈಚಳಕವೇ ಮುಖ್ಯವಾದ ಆಟಗಳಲ್ಲಿ ನೋಡುಗ ಬಲ್ಲವನಾಗಬಹುದು. ಆಡುವವನಿಗಿಂತ ಹೆಚ್ಚು ಬಲ್ಲವನೂ ಆಗಬಹುದು. ನಮ್ಮ ಆಲಂಕಾರಿಕರಲ್ಲಿ ಅಭಿನವಗುಪ್ತನು ರಸವು ನಟನಲ್ಲಿಲ್ಲ, ಸಹೃದಯ ಪ್ರೇಕ್ಷಕನಲ್ಲಿದೆ ಎಂದು ಸಾವಿರ ವರ್ಷಗಳ ಹಿಂದೆಯೇ ವಾದಿಸಿದ್ದಾನೆ. ಅಭಿಮಾನಕ್ಕೆ ಯಂತ್ರದ ರಸೀದಿ ಬೇಕಿಲ್ಲ. ಆದರೆ ನಿರ್ಧಾರದ ಭಾರವೇ ತಿರುಳಾದ ಆಟಗಳಲ್ಲಿ ಒಂದು ಭಾಗ ಆಡಿದವನಿಗಷ್ಟೇ ಸಿಗುತ್ತದೆ. ನೋಡಿದವನು ಅದನ್ನು ಒಪ್ಪಿಕೊಂಡು ಮಾತನಾಡಬೇಕು. ಜೊತೆಗೆ, ಮಾಡಿದವರ ಋಣವೊಂದಿದೆ. ಶಕ್ತಿಯಿದ್ದವರು ಅದನ್ನು ತೀರಿಸಬೇಕು.

ಇದನ್ನು ಬರೆಯುವಾಗ ನನ್ನ ವೃತ್ತಿಯೂ ನೆನಪಾಯಿತು. ಚರಿತ್ರೆಯ ಮೇಷ್ಟ್ರು ತಾಳಿಕೋಟೆಯ ಯುದ್ಧದಲ್ಲಿ ಕಾದಾಡಿದವನಲ್ಲ. ದೂರದಿಂದ, ಇನ್ನೊಬ್ಬರ ಸಾಕ್ಷ್ಯದಿಂದ ಬಲ್ಲವನು. ನಾನು ಜೀವನವಿಡೀ ಮಾಡಿದ್ದು ಅದನ್ನೇ. ಅದು ಜ್ಞಾನವಲ್ಲವೆಂದಾದರೆ ನನ್ನ ಮೂರು ದಶಕಗಳ ಪಾಠವೂ ಏನೂ ಅಲ್ಲ.

ಮೊನ್ನೆ ದಸರಾ ರಜೆಗೆ ಬಂದ ಚಿಕ್ಕವನಿಗೆ, "ಅವತ್ತು ನಾನು ಹೇಳಿದ್ದು ಪೂರ್ತಿ ಸರಿಯಲ್ಲ ಕಣೋ" ಎಂದೆ. "ಗೊತ್ತಿತ್ತು ಅಜ್ಜ" ಎಂದು ನಕ್ಕ. ದೊಡ್ಡವನು ಯಂತ್ರದ ಒಂದು ಕೈಹಿಡಿಯನ್ನು ಅವನಿಗೆ ಕೊಟ್ಟು ಪಕ್ಕಕ್ಕೆ ಸರಿದು ಕುಳಿತ. ಮೊದಲ ಪ್ರಯತ್ನದಲ್ಲಿ ಚಿಕ್ಕವನು ಸೋತ, ಎರಡನೆಯದರಲ್ಲೂ ಸೋತ. ಏನು ಮಾಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆರಳುಗಳಿಗೆ ಇನ್ನೂ ಗೊತ್ತಿರಲಿಲ್ಲ. ಈ ಸಲ ಪಂಚಾಯಿತಿ ನನ್ನ ಬಳಿಗೆ ಬರಲಿಲ್ಲ.

ನಿಮ್ಮ ಮನೆಗಳಲ್ಲೂ ಇಂಥ ವಾದಗಳು ನಡೆದಿರಬಹುದು. ನಿಮ್ಮ ಅಭಿಪ್ರಾಯ ಬರೆದು ತಿಳಿಸಿ. ನನ್ನ ವಿದ್ಯಾರ್ಥಿಗಳು ತಪ್ಪು ಕಂಡಲ್ಲಿ ಸಂಕೋಚವಿಲ್ಲದೆ ತಿದ್ದಲಿ. ಈ ಬಾರಿ ಅಂಕ ಕಳೆಯುವುದಿಲ್ಲ.