ಪರಭಾಷೆ ಎಷ್ಟು ಬಂತು? ಶೈಖ್ ರಿಫಾಅ ತಹ್ತಾವಿ ಎದುರಿಸಿದ ಪರೀಕ್ಷೆ

ಮದೀನಾದಲ್ಲಿ ಪ್ರವಾದಿ ಮುಹಮ್ಮದ್(ಸ)ರಿಗೆ ಯಹೂದಿಯರೊಂದಿಗೆ ಪತ್ರ ವ್ಯವಹಾರ ನಡೆಸಬೇಕಾಗುತ್ತಿತ್ತು. ಬಂದ ಪತ್ರವನ್ನು ಓದಲು, ಉತ್ತರ ಬರೆಯಲು ನಂಬಿಕಸ್ಥರೊಬ್ಬರು ಬೇಕಾಗಿದ್ದರು. ಎಳೆ ಪ್ರಾಯದ ಝೈದ್ ಬಿನ್ ಸಾಬಿತ್(ರ)ರಿಗೆ ಆ ಬರಹವನ್ನು ಕಲಿಯುವಂತೆ ಪ್ರವಾದಿಯವರು(ಸ) ಆದೇಶಿಸಿದರು. ಅರ್ಧ ತಿಂಗಳು ಕಳೆಯುವ ಮುನ್ನವೇ ಅವರು ಅದನ್ನು ಕಲಿತರೆಂದು ತಿರ್ಮಿದಿಯಲ್ಲಿ ವರದಿಯಾಗಿದೆ.

ಈ ಘಟನೆಯನ್ನು ನಾವು ಸಾಮಾನ್ಯವಾಗಿ ಝೈದ್(ರ)ರ ಬುದ್ಧಿಶಕ್ತಿಗೆ ನಿದರ್ಶನವಾಗಿ ಹೇಳುತ್ತೇವೆ. ಅದೇ ವರದಿಯ ಕೊನೆಯ ಮಾತಿಗೆ ಅಷ್ಟಾಗಿ ಗಮನ ಕೊಡುವುದಿಲ್ಲ. ಕಲಿತ ಬಳಿಕ ಪ್ರವಾದಿಯವರ(ಸ) ಪರವಾಗಿ ಯಹೂದಿಯರಿಗೆ ಪತ್ರ ಬರೆಯುತ್ತಿದ್ದವರು ಝೈದ್(ರ). ಅಲ್ಲಿಂದ ಬಂದ ಪತ್ರವನ್ನು ಓದಿ ಹೇಳುತ್ತಿದ್ದವರೂ ಅವರೇ. ಎಷ್ಟು ದಿನ ಕಲಿತರು ಎಂಬುದು ಒಂದು ಲೆಕ್ಕ. ಕಲಿತದ್ದರಿಂದ ಯಾವ ಕೆಲಸ ಆಯಿತು ಎಂಬುದು ಇನ್ನೊಂದು ಲೆಕ್ಕ. ಈ ಎರಡನೆಯ ಲೆಕ್ಕವನ್ನು ಶಾಲೆಯಲ್ಲಿ ಹಿಡಿಯುವುದು ಹೇಗೆ? ಹತ್ತೊಂಬತ್ತನೆಯ ಶತಮಾನದಲ್ಲಿ ಈಜಿಪ್ಟಿನಿಂದ ಪ್ಯಾರಿಸಿಗೆ ಹೋದ ವಿದ್ಯಾರ್ಥಿಗಳ ಚರಿತ್ರೆ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ.

1826ರಲ್ಲಿ ಈಜಿಪ್ಟಿನ ಆಡಳಿತಗಾರ ಮುಹಮ್ಮದ್ ಅಲಿ ಪಾಶಾ ನಲವತ್ತಕ್ಕೂ ಹೆಚ್ಚು ಯುವಕರನ್ನು ಫ್ರಾನ್ಸಿಗೆ ಕಳುಹಿಸಿದರು. ಅವರ ಧಾರ್ಮಿಕ ಮಾರ್ಗದರ್ಶನಕ್ಕೆ ಇಮಾಮರಾಗಿ ಹೋದವರಲ್ಲಿ ಅಲ್ ಅಝ್‌ಹರ್‌ನಲ್ಲಿ ಕಲಿತ ರಿಫಾಅ ರಾಫಿ ತಹ್ತಾವಿ ಒಬ್ಬರು. 1801ರಲ್ಲಿ ಮೇಲಣ ಈಜಿಪ್ಟಿನ ತಹ್ತಾ ಎಂಬ ಊರಿನಲ್ಲಿ ಹುಟ್ಟಿದ ಅವರನ್ನು ಈ ಕೆಲಸಕ್ಕೆ ಶಿಫಾರಸು ಮಾಡಿದ್ದು ಅವರ ಗುರು ಶೈಖ್ ಹಸನ್ ಅಲ್ ಅತ್ತಾರ್. ನಮಾಝಿಗೆ ನೇತೃತ್ವ ನೀಡುವುದು ಅವರಿಗೆ ವಹಿಸಲಾದ ಕರ್ತವ್ಯವಾಗಿತ್ತು. ಆದರೆ ಅವರು ಉಳಿದವರ ಜೊತೆ ವಿದ್ಯಾರ್ಥಿಯಾಗಿಯೂ ಕುಳಿತರು. ಮಾರ್ಸೆಲ್ ಬಂದರಿನಲ್ಲಿದ್ದಾಗಲೇ ಸುಮಾರು ಮೂವತ್ತು ದಿನಗಳಲ್ಲಿ ಫ್ರೆಂಚ್ ಅಕ್ಷರ ಕೂಡಿಸಿ ಓದುವುದನ್ನು ಕಲಿತರು. ಈ ಅನುಭವಗಳನ್ನೆಲ್ಲ ಅವರು ತಮ್ಮ ‘ತಖ್ಲೀಸುಲ್ ಇಬ್ರೀಝ್’ ಎಂಬ ಗ್ರಂಥದಲ್ಲಿ ದಾಖಲಿಸಿದ್ದಾರೆ. ಅದು 1834ರಲ್ಲಿ ಕೈರೋದ ಬೂಲಾಕ್ ಮುದ್ರಣಾಲಯದಲ್ಲಿ ಅಚ್ಚಾಯಿತು.

ಪ್ಯಾರಿಸ್‌ನಲ್ಲಿ ಮೊದಲು ಎಲ್ಲರನ್ನೂ ಒಂದೇ ಮನೆಯಲ್ಲಿ ಇರಿಸಲಾಯಿತು. ಬೆಳಗ್ಗೆ ಇತಿಹಾಸದ ಓದು, ಮಧ್ಯಾಹ್ನದ ಬಳಿಕ ಬರವಣಿಗೆ ಮತ್ತು ಸಂಭಾಷಣೆ, ಆಮೇಲೆ ಚಿತ್ರ ಬಿಡಿಸುವುದು, ವ್ಯಾಕರಣ. ವೇಳಾಪಟ್ಟಿಯಲ್ಲಿ ಕೊರತೆಯೇನೂ ಇರಲಿಲ್ಲ. ಆದರೂ ವರ್ಷ ಕಳೆಯುವ ಹೊತ್ತಿಗೆ ವ್ಯಾಕರಣ ಬಿಟ್ಟರೆ ಹೆಚ್ಚೇನೂ ದಕ್ಕಿರಲಿಲ್ಲ. ಕಾರಣ ಸರಳ. ಪಾಠ ಮುಗಿದೊಡನೆ ತಮ್ಮತಮ್ಮೊಳಗೆ ತಮ್ಮ ಭಾಷೆಯಲ್ಲೇ ಮಾತು. ಇದು ಗೊತ್ತಾದ ಮೇಲೆ ಹುಡುಗರನ್ನು ಬೈದು ಸುಮ್ಮನಾಗಲಿಲ್ಲ, ವ್ಯವಸ್ಥೆಯನ್ನೇ ಬದಲಿಸಿದರು. ಒಬ್ಬೊಬ್ಬರನ್ನು, ಇಬ್ಬಿಬ್ಬರನ್ನು ಬೇರೆ ಬೇರೆ ವಸತಿ ಶಾಲೆಗಳಲ್ಲಿ ಫ್ರೆಂಚ್ ಮಕ್ಕಳ ಜೊತೆ ಅಥವಾ ಶಿಕ್ಷಕರ ಮನೆಗಳಲ್ಲಿ ಇರಿಸಿದರು. ಅಳತೆಯ ಮೊದಲ ಪ್ರಯೋಜನವೇ ಇದು: ಎಲ್ಲಿ ಕೊರತೆಯಾಗಿದೆ ಎಂದು ತಿಳಿದು ಅಲ್ಲಿ ಸರಿಪಡಿಸುವುದು.

ವಿದ್ಯಾರ್ಥಿಗಳ ಪ್ರಗತಿಯ ಪಟ್ಟಿಗಳು ಕೈರೋಗೆ ಹೋಗುತ್ತಿದ್ದವು. 1829ರಲ್ಲಿ, ಅಂದರೆ ಹಿಜರಿ 1245ರಲ್ಲಿ, ಪಾಶಾರಿಂದ ಒಂದು ಖಾರವಾದ ಪತ್ರ ಬಂತು. ತಹ್ತಾವಿಯವರು ಅದನ್ನು ಮುಚ್ಚಿಡದೆ ತಮ್ಮ ಗ್ರಂಥದಲ್ಲಿ ಸೇರಿಸಿದ್ದಾರೆ. ಅದರ ಸಾರಾಂಶ ಇಷ್ಟು: ನಿಮ್ಮ ಮೂರು ತಿಂಗಳ ಪಟ್ಟಿಗಳು ತಲುಪಿವೆ, ಆದರೆ ನೀವು ಏನು ಕಲಿತಿರಿ ಎಂಬುದು ಅವುಗಳಿಂದ ತಿಳಿಯುವುದಿಲ್ಲ. ಇನ್ನು ಮುಂದೆ ಹಿಂದಿನ ತಿಂಗಳಿಗಿಂತ ಈ ತಿಂಗಳು ಹೆಚ್ಚಾಗಿ ಏನನ್ನು ಕಲಿತಿರೆಂದು ಬರೆಯಬೇಕು. ಹಿಂದೆ ಬಿದ್ದಿದ್ದರೆ ಅದು ಅಸಡ್ಡೆಯಿಂದಲೋ ಅನಾರೋಗ್ಯದಿಂದಲೋ ಎಂಬುದನ್ನೂ ತಿಳಿಸಬೇಕು.

ಮುಹಮ್ಮದ್ ಅಲಿ ಪಾಶಾ ಸ್ವತಃ ದೊಡ್ಡ ವಿದ್ವಾಂಸರಲ್ಲ. ನಡುವಯಸ್ಸು ದಾಟಿದ ಮೇಲೆ ಓದಲು ಕಲಿತವರು. ಆದರೂ ಅವರ ಪ್ರಶ್ನೆಗಳು ಇಂದಿನ ಯಾವ ಶಿಕ್ಷಣ ತಜ್ಞನ ಪ್ರಶ್ನೆಗಳಿಗೂ ಕಡಿಮೆಯಿಲ್ಲ. ಎಷ್ಟು ದಿನ ತರಗತಿಯಲ್ಲಿ ಕೂತರು ಎಂಬುದು ಅವರಿಗೆ ಬೇಕಾಗಿರಲಿಲ್ಲ. ಹಿಂದಿನ ತಿಂಗಳಿಗೂ ಈ ತಿಂಗಳಿಗೂ ಇರುವ ಅಂತರ ಬೇಕಾಗಿತ್ತು. ಕೊರತೆಯಿದ್ದರೆ ಅದರ ಕಾರಣ ಬೇಕಾಗಿತ್ತು.

ತಹ್ತಾವಿಯವರ ಮಟ್ಟಿಗೆ ಅಸಡ್ಡೆಯ ಮಾತೇ ಇರಲಿಲ್ಲ. ಸರಕಾರ ಕೊಟ್ಟ ಪುಸ್ತಕಗಳು ಸಾಲದೆಂದು ಸ್ವಂತ ಹಣದಿಂದ ಪುಸ್ತಕ ಕೊಂಡರು, ತಮ್ಮ ಭತ್ತೆಯಿಂದಲೇ ಸಂಬಳ ಕೊಟ್ಟು ಪ್ರತ್ಯೇಕ ಶಿಕ್ಷಕರನ್ನು ಇಟ್ಟುಕೊಂಡರು. ರಾತ್ರಿಯ ಓದಿನಿಂದ ಎಡಗಣ್ಣು ಬಲಹೀನವಾಯಿತು. ರಾತ್ರಿ ಓದಬಾರದೆಂದು ವೈದ್ಯರು ಹೇಳಿದರೂ ಕಲಿಕೆ ಕುಂಠಿತವಾದೀತೆಂಬ ಭಯದಿಂದ ಅವರು ಕೇಳಲಿಲ್ಲ. ಮಕ್ಕಳಿಗೆ ಈ ಭಾಗವನ್ನು ಮಾದರಿಯಾಗಿ ಹೇಳಬೇಕಾಗಿಲ್ಲ. ಕಣ್ಣು ಕೂಡ ಅಲ್ಲಾಹನ ಅಮಾನತ್ತು. ಆದರೆ ಪರೀಕ್ಷೆಗೆ ಕೂತವರ ಶ್ರಮ ಎಂಥದ್ದೆಂದು ಅದರಿಂದ ತಿಳಿಯುತ್ತದೆ.

ಕೊನೆಯ ಪರೀಕ್ಷೆ ನಡೆದದ್ದು 1830ರ ಅಕ್ಟೋಬರ್‌ನಲ್ಲಿ. ಭೂಗೋಳ ತಜ್ಞ ಜೋಮಾರ್ ಈ ವಿದ್ಯಾರ್ಥಿಗಳ ಮೇಲ್ವಿಚಾರಕರು. ಅವರು ವಿದ್ವಾಂಸರ ಒಂದು ಸಭೆಯನ್ನು ಕರೆದರು. ತಹ್ತಾವಿಯವರು ಫ್ರೆಂಚ್‌ನಿಂದ ಅರಬಿಗೆ ತಾವು ಮಾಡಿದ ಹನ್ನೆರಡು ಅನುವಾದಗಳನ್ನು ಮುಂದಿಟ್ಟರು. ಸಿದ್ಧಪಡಿಸಿ ತಂದದ್ದನ್ನು ನೋಡಿ ಸಭೆ ಅಷ್ಟಕ್ಕೇ ತೃಪ್ತವಾಗಲಿಲ್ಲ. ಬೂಲಾಕ್‌ನಲ್ಲಿ ಅಚ್ಚಾದ ಪುಸ್ತಕಗಳನ್ನು ತರಿಸಿ ಅಲ್ಲಿಯೇ ಅನುವಾದಿಸಲು ಹೇಳಿತು. ಈಜಿಪ್ಟಿನ ಪತ್ರಿಕೆಯನ್ನು ಕೈಗಿತ್ತು, ಅದರಲ್ಲಿ ಅರಬಿಯಲ್ಲಿದ್ದುದನ್ನು ಫ್ರೆಂಚ್‌ನಲ್ಲಿ ಓದಿ ಹೇಳಿಸಿತು. ಬಾಯಿಪಾಠ ಮಾಡಿ ಬಂದವನು ಇಂಥ ಕಡೆ ನಿಲ್ಲಲಾರ.

ಬಳಿಕ ಅವರ ಅನುವಾದಗಳನ್ನು ಮೂಲದೊಂದಿಗೆ ಹೋಲಿಸಲಾಯಿತು. ಸೇನಾಧಿಕಾರಿಗಳಿಗಾಗಿ ಬರೆದ ಪುಸ್ತಕವೊಂದರಲ್ಲಿ ಅವರು ಕೆಲವೆಡೆ ಒಂದು ಪದಕ್ಕೆ ಒಂದು ವಾಕ್ಯವನ್ನೇ ಬಳಸಿದ್ದರು, ಕೆಲವೆಡೆ ಹೇಳಿದ್ದನ್ನೇ ಮತ್ತೆ ಹೇಳಿದ್ದರು. ಆದರೆ ಅರ್ಥ ಎಲ್ಲಿಯೂ ಕೆಟ್ಟಿರಲಿಲ್ಲ. ವಿಜ್ಞಾನದ ಪುಸ್ತಕಗಳನ್ನು ಅನುವಾದಿಸುವಾಗ ಈ ರೂಢಿ ಬಿಡಬೇಕು, ಅಗತ್ಯ ಬಿದ್ದಲ್ಲಿ ಹೊಸ ಪದಗಳನ್ನು ರೂಪಿಸಬೇಕು ಎಂಬ ತಿಳಿವಳಿಕೆಯೂ ಅಲ್ಲಿಯೇ ದೊರೆಯಿತು. ಇನ್ನೊಂದು ಅನುವಾದ ಪ್ರಾಕೃತಿಕ ಭೂಗೋಳಕ್ಕೆ ಸಂಬಂಧಿಸಿದ್ದು. ಅದು ಉಳಿದವುಗಳಿಗಿಂತ ದುರ್ಬಲವೆಂದು ಸಭೆ ಕಂಡುಕೊಂಡಿತು. ಜೊತೆಗೆ ಕಾರಣವನ್ನೂ ದಾಖಲಿಸಿತು: ಅದು ಹಿಂದಿನ ವರ್ಷದ ಕೆಲಸ, ಆಗ ಅವರಿಗೆ ಫ್ರೆಂಚ್‌ನಲ್ಲಿ ಇಷ್ಟು ಬಲವಿರಲಿಲ್ಲ. ಹಳೆಯ ಕೆಲಸವನ್ನೂ ಹೊಸ ಕೆಲಸವನ್ನೂ ಪಕ್ಕಪಕ್ಕದಲ್ಲಿಟ್ಟಾಗ ಪ್ರಗತಿ ತಾನಾಗಿಯೇ ಕಾಣಿಸಿತು. ಈತ ತನ್ನ ನಾಡಿಗೆ ಉಪಯುಕ್ತ ಗ್ರಂಥಗಳನ್ನು ಅನುವಾದಿಸಿಕೊಡಬಲ್ಲನೆಂದು ಒಮ್ಮತದಿಂದ ಹೇಳಿ ಸಭೆ ಮುಗಿಯಿತು.

ಹೀಗೆ ತನ್ನನ್ನು ತನ್ನ ನಿನ್ನೆಯೊಂದಿಗೆ ಹೋಲಿಸಿ ಅಳೆಯುವ ಪದ್ಧತಿ ಅರಬಿ ಜ್ಞಾನಲೋಕಕ್ಕೆ ಹೊಸತಲ್ಲ. ಸಾವಿರ ವರ್ಷ ಹಿಂದೆ ಬಗ್ದಾದ್‌ನಲ್ಲಿ ಗ್ರೀಕ್ ವೈದ್ಯಗ್ರಂಥಗಳನ್ನು ಅನುವಾದಿಸಿದ ಕ್ರೈಸ್ತ ವಿದ್ವಾಂಸ ಹುನೈನ್ ಬಿನ್ ಇಸ್ಹಾಕ್, ಇಪ್ಪತ್ತರ ಹರೆಯದಲ್ಲಿ ಮಾಡಿದ ಒಂದು ಅನುವಾದವನ್ನು ನಲವತ್ತರ ಸುಮಾರಿಗೆ ಮತ್ತೆ ಕೈಗೆತ್ತಿಕೊಂಡರು. ಹಲವು ಹಸ್ತಪ್ರತಿಗಳೊಂದಿಗೆ ತಾಳೆ ನೋಡಿ ತಿದ್ದಿದರು. ಅದನ್ನು ಅವರೇ ಬರೆದಿಟ್ಟಿದ್ದಾರೆ.

1831ರಲ್ಲಿ ತಹ್ತಾವಿ ಸ್ವದೇಶಕ್ಕೆ ಮರಳಿದರು. 1835ರಲ್ಲಿ ಕೈರೋದಲ್ಲಿ ಭಾಷೆಗಳ ಶಾಲೆ, ‘ಮದ್ರಸತುಲ್ ಅಲ್ಸುನ್’, ಆರಂಭವಾದಾಗ ಅದರ ಹೊಣೆ ಅವರಿಗೆ ಬಂತು. ತಮ್ಮನ್ನು ಅಳೆದ ಅಳತೆಗೋಲನ್ನೇ ಅವರು ಶಿಷ್ಯರಿಗೂ ಹಿಡಿದರು. ವಿದ್ಯಾರ್ಥಿಗಳು ಅನುವಾದಿಸಿ ತಂದುದನ್ನು ತಾವೇ ತಿದ್ದುತ್ತಿದ್ದರು. ಯೋಗ್ಯವಾದುದು ಬೂಲಾಕ್‌ನಲ್ಲಿ ಅಚ್ಚಾಗುತ್ತಿತ್ತು. ಪಾಠಕ್ಕೆ ಹೊತ್ತುಗೊತ್ತಿರಲಿಲ್ಲ. ಇಶಾ ಬಳಿಕವೋ ರಾತ್ರಿಯ ಕೊನೆಯ ಭಾಗದಲ್ಲೋ ಮೂರು ನಾಲ್ಕು ಗಂಟೆ ನಿಂತುಕೊಂಡೇ ಕಲಿಸುತ್ತಿದ್ದರಂತೆ. ಮುಂದೆ ಅಬ್ಬಾಸ್ ಪಾಶಾರ ಕಾಲದಲ್ಲಿ ಶಾಲೆ ಮುಚ್ಚಿತು, ತಹ್ತಾವಿಯವರನ್ನು ದೂರದ ಖಾರ್ತೂಮಿಗೆ ಕಳುಹಿಸಲಾಯಿತು. ಆದರೆ ಆ ಶಾಲೆಯಲ್ಲಿ ತಯಾರಾದ ಅನುವಾದಕರು ಉಳಿದರು, ಅವರು ಅನುವಾದಿಸಿದ ಪುಸ್ತಕಗಳು ಉಳಿದವು. 1873ರಲ್ಲಿ ತಹ್ತಾವಿ ನಿಧನರಾದರು. ಇಂದು ಕೈರೋದ ಐನ್ ಶಮ್ಸ್ ವಿಶ್ವವಿದ್ಯಾಲಯದ ಭಾಷಾ ವಿಭಾಗಕ್ಕೆ ಅದೇ ‘ಅಲ್ಸುನ್’ ಎಂಬ ಹೆಸರಿದೆ.

ನಮ್ಮ ಮನೆಗಳ ಮಕ್ಕಳು ಚಿಕ್ಕಂದಿನಿಂದಲೇ ಹಲವು ಭಾಷೆಗಳ ನಡುವೆ ಬೆಳೆಯುತ್ತಾರೆ. ಮನೆಯಲ್ಲಿ ಬ್ಯಾರಿ, ಉರ್ದು ಅಥವಾ ನವಾಯತಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ, ಮದ್ರಸದಲ್ಲಿ ಅರಬಿ. ಅಂಕಪಟ್ಟಿ ಬಂದಾಗ ನಾವು ನೋಡುವುದು ಅಂಕಿಯನ್ನು ಮಾತ್ರ. ಪಕ್ಕದ ಮನೆಯ ಮಗುವಿನ ಅಂಕಿಯೊಂದಿಗೆ ಅದನ್ನು ಹೋಲಿಸಿ ಹೊಗಳುತ್ತೇವೆ ಅಥವಾ ಗದರುತ್ತೇವೆ. ಇಂಗ್ಲಿಷಿನಲ್ಲಿ ತೊಂಬತ್ತು ಬಂದ ಮಗುವಿಗೆ ಅಜ್ಜನ ಔಷಧಿ ಬಾಟಲಿಯ ಮೇಲಿನ ಸೂಚನೆ ಓದಿ ಹೇಳಲು ಬರುತ್ತದೆಯೇ? ಎಂದಾದರೂ ಕೇಳಿ ನೋಡಿದ್ದೇವೆಯೇ? ಕುರ್‌ಆನನ್ನು ತಜ್‌ವೀದ್ ಸಹಿತ ಸುಂದರವಾಗಿ ಓದುವ ಮಗುವಿಗೆ ಅರಬಿ ಬರುತ್ತದೆಂದು ನಾವು ತಿಳಿದುಬಿಡುತ್ತೇವೆ. ಪಾರಾಯಣಕ್ಕೆ ಅದರದೇ ಪ್ರತಿಫಲವಿದೆ, ಅದರದೇ ಪರೀಕ್ಷೆಯಿದೆ. ಆದರೆ ಉಚ್ಚರಿಸುವುದು ಬೇರೆ, ಅರ್ಥ ಮಾಡಿಕೊಳ್ಳುವುದು ಬೇರೆ. ಒಂದರ ಅಳತೆಯಿಂದ ಇನ್ನೊಂದನ್ನು ಅಳೆದರೆ ಮಗುವಿನ ಕೊರತೆ ಮಗುವಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ.

ಹೆತ್ತವರಾಗಿ ನಾವು ಮಾಡಬಹುದಾದದ್ದು ದೊಡ್ಡ ಕೆಲಸವೇನಲ್ಲ. ಕಳೆದ ವರ್ಷದ ನೋಟ್‌ಬುಕ್ಕನ್ನು ರದ್ದಿಗೆ ಹಾಕದೆ ತೆಗೆದಿಡೋಣ. ಈ ವರ್ಷದ್ದರ ಪಕ್ಕದಲ್ಲಿಟ್ಟು ಮಗುವಿಗೇ ತೋರಿಸೋಣ. ಮಗು ಎಂದೂ ಓದಿರದ ನಾಲ್ಕು ಸಾಲು ಕೊಟ್ಟು ಅರ್ಥ ಹೇಳಿಸೋಣ. ಸಣ್ಣ ಸೂರಾವೊಂದನ್ನು ಓದಿದಾಗ ಅದರ ಎರಡು ಪದಗಳ ಅರ್ಥ ಕೇಳೋಣ. ಶಾಲೆಯ ಶಿಕ್ಷಕರನ್ನೋ ಮದ್ರಸದ ಉಸ್ತಾದರನ್ನೋ ಕಂಡಾಗ ಎಷ್ಟು ಅಂಕ ಬಂತೆಂದು ಕೇಳುವುದರ ಜೊತೆಗೆ, ಹಿಂದಿನ ತಿಂಗಳಿಗಿಂತ ಹೆಚ್ಚಾಗಿ ಏನು ಬಂತು ಎಂದೂ ಕೇಳೋಣ. ಹಿಂದೆ ಬಿದ್ದಿದ್ದರೆ ಬೈಯುವ ಮೊದಲು ಕಾರಣ ವಿಚಾರಿಸೋಣ.

ಕಲಿತದ್ದು ಉಪಯೋಗಕ್ಕೆ ಬರುವಂಥ ವಿದ್ಯೆಯನ್ನು ಅಲ್ಲಾಹನು ನಮ್ಮ ಮಕ್ಕಳಿಗೆ ಅನುಗ್ರಹಿಸಲಿ. ಆಮೀನ್.