ಹಬ್ಶಿ

ಹಳೆ ದಿಲ್ಲಿಯ ಮಿಠಾಯಿ ಅಂಗಡಿಗಳಲ್ಲಿ ಹಬ್ಶಿ ಹಲ್ವಾ ಎಂಬ ಸಿಹಿ ಇದೆ. ಹಾಲು, ಮೊಳಕೆ ಬರಿಸಿದ ಗೋಧಿಯ ಹಿಟ್ಟು, ಸಕ್ಕರೆ, ತುಪ್ಪ ಇಷ್ಟನ್ನೂ ಬಾಣಲೆಗೆ ಹಾಕಿ ತಾಸುಗಟ್ಟಲೆ ಕೈಯಾಡಿಸಿದರೆ ಧಾರವಾಡ ಪೇಡೆಗಿಂತ ಒಂದು ಕೈ ಮೇಲೆನ್ನುವಷ್ಟು ಗಾಢ ಕಂದು ಬಣ್ಣ ಬರುತ್ತದೆ. ಹೆಸರು ಬಂದದ್ದೂ ಆ ಬಣ್ಣದಿಂದಲೇ. ಅಂಗಡಿಯವನು ಆ ಹೆಸರು ಹೇಳುವಾಗ ಅವನ ಮನಸ್ಸಿನಲ್ಲಿ ಯಾವ ಕೆಡುಕೂ ಇರುವುದಿಲ್ಲ. ಅದೇ ಮಾತು ಮೆಟ್ರೋ ನಿಲ್ದಾಣದಲ್ಲಿ ನೈಜೀರಿಯಾದ ಹುಡುಗನೊಬ್ಬನ ಬೆನ್ನ ಹಿಂದಿನಿಂದ ಬಂದರೆ ಅದು ಬರೀ ಬೈಗುಳ. ದಿಲ್ಲಿ ಕನ್ನಡಿಗರೂ ಇದನ್ನು ಕಲಿತಿದ್ದೇವೆ. ತರಕಾರಿಯವನ ಹತ್ತಿರ ಚೌಕಾಸಿ ಮಾಡುವ ಹಿಂದಿಯ ಜೊತೆಗೇ ಇದೂ ನಾಲಿಗೆಗೆ ಹತ್ತಿಬಿಟ್ಟಿದೆ.

ಮೂಲದಲ್ಲಿ ಇದು ನಾಡಿನಿಂದ ಬಂದ ಹೆಸರು. ಅರಬರು ಇಥಿಯೋಪಿಯಾದ ನಾಡನ್ನು ಹಬಶ್ ಎಂದರು, ಅಲ್ಲಿಂದ ಬಂದವನು ಹಬಶಿ. ಯುರೋಪಿನವರ ಬಾಯಲ್ಲಿ ಅಬಿಸೀನಿಯಾ ಆದದ್ದೂ ಇದೇ ಶಬ್ದ. ಮೈಸೂರಿನವ, ಕೊಡಗಿನವ ಎಂದಷ್ಟೇ ನಿರಪಾಯದ ಮಾತು.

ದಿಲ್ಲಿಯ ಚರಿತ್ರೆಯಲ್ಲಿ ಎಲ್ಲರಿಗೂ ಗೊತ್ತಿರುವ ಹಬ್ಶಿ ಜಮಾಲುದ್ದೀನ್ ಯಾಕೂತ್. 1236ರಿಂದ 1240ರವರೆಗೆ ಆಳಿದ ರಜಿಯಾ ಸುಲ್ತಾನ ಅವನನ್ನು ಅಮೀರ್-ಇ-ಆಖೂರ್, ಅಂದರೆ ರಾಜಲಾಯದ ಮುಖ್ಯಸ್ಥನನ್ನಾಗಿ ಮಾಡಿದಳು. ತುರ್ಕಿ ಸರದಾರರಿಗೆ ಹೊಟ್ಟೆ ಉರಿಯಿತು. ಯಾಕೂತ್ ಗುಲಾಮನಾಗಿದ್ದ ಎಂಬುದು ಅವರಿಗೆ ಅಡ್ಡಿಯಾಗಿರಲಾರದು, ಏಕೆಂದರೆ ಆ ಸರದಾರರಲ್ಲಿ ಬಹುಪಾಲು ಜನ ತಾವೂ ಗುಲಾಮರಾಗಿ ಮಾರಾಟವಾಗಿ ಬಂದವರು. ರಜಿಯಾಳ ತಂದೆ ಇಲ್ತುತ್ಮಿಶ್‌ ಕೂಡ ಹಾಗೆ ಬಂದವನೇ. ಗುಲಾಮಗಿರಿ ಎಲ್ಲರದೂ ಒಂದೇ ಆಗಿತ್ತು, ಹುಟ್ಟಿದ ನಾಡು ಬೇರೆಯಾಗಿತ್ತು. ದಂಗೆ ಎದ್ದಿತು, ಯಾಕೂತ್ ಸತ್ತ, ರಜಿಯಾ ಸೆರೆಯಾದಳು. ಏಳೂವರೆ ಶತಮಾನ ಕಳೆದು, 1983ರಲ್ಲಿ ಕಮಾಲ್ ಅಮ್ರೋಹಿ ಇದೇ ಕಥೆಯನ್ನು ಸಿನಿಮಾ ಮಾಡಿದಾಗ ಧರ್ಮೇಂದ್ರರ ಮುಖಕ್ಕೆ ಕಪ್ಪು ಬಳಿದು ಯಾಕೂತ್ ಮಾಡಿದರು. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲವೆಂಬುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಈ ಶಬ್ದಕ್ಕೆ ನಿಜವಾದ ಗತ್ತು ಬಂದದ್ದು ನಮ್ಮ ಕಡೆ, ದಖ್ಖನ್ನಿನಲ್ಲಿ. ವಿಜಾಪುರದ ದರ್ಬಾರಿನಲ್ಲಿ ಹಬ್ಶಿಗಳದೇ ಒಂದು ಬಣವಿತ್ತು. ಎರಡನೆಯ ಇಬ್ರಾಹಿಂ ಆದಿಲಶಾಹ ಹುಡುಗನಾಗಿದ್ದಾಗ 1582ರಿಂದ 1590ರವರೆಗೆ ರಾಜ್ಯದ ಸೂತ್ರ ಹಿಡಿದಿದ್ದವನು ದಿಲಾವರ ಖಾನ್ ಎಂಬ ಹಬ್ಶಿ. ಅಹಮದನಗರದಲ್ಲಿ ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಅಲ್ಲಿನ ನಿಜಾಮಶಾಹಿಯ ಸಿಂಹಾಸನದ ಮೇಲೆ ತನಗೆ ಬೇಕಾದವರನ್ನು ಕೂರಿಸಿದವನು. 1626ರಲ್ಲಿ ತೀರಿಕೊಳ್ಳುವ ತನಕ ಮೊಗಲರನ್ನು ಗೆರಿಲ್ಲಾ ಯುದ್ಧದಿಂದ ಕಾಡಿದ. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಅವನನ್ನು ಕರಿಮೋರೆಯವನೆಂದು ಬೈದುಕೊಂಡ. ಅಷ್ಟು ಸಾಲದೆಂದು ಒಂದು ಚಿತ್ರವನ್ನೂ ಬರೆಸಿದ. ಬಾದಶಹ ಭೂಗೋಳದ ಮೇಲೆ ನಿಂತು, ಭರ್ಜಿಗೆ ಸಿಕ್ಕಿಸಿದ ಅಂಬರನ ರುಂಡಕ್ಕೆ ಬಾಣ ಬಿಡುತ್ತಿದ್ದಾನೆ. ಆ ರುಂಡ ನಿಜದಲ್ಲಿ ಯಾರ ಭರ್ಜಿಗೂ ಸಿಗಲಿಲ್ಲ. ಬಣ್ಣ ಹಿಡಿದು ಬೈಯುವ ಚಟ ಸೋಲಲೊಲ್ಲದ ಎದುರಾಳಿಯ ಮೇಲೆ ಹೀಗೆ ತಿರುಗುತ್ತದೆ. ಆದರೂ ಆಗ ಹಬ್ಶಿ ಎಂಬ ಮಾತಿನ ಹಿಂದೆ ಕುದುರೆಗಳಿದ್ದವು, ಕೋಟೆಗಳಿದ್ದವು. ಅದನ್ನು ಹಗುರಾಗಿ ಆಡುವಂತಿರಲಿಲ್ಲ.

1610ರಲ್ಲಿ ಮಲಿಕ್ ಅಂಬರ್ ಕಟ್ಟಿದ ಊರಿನ ಹೆಸರು ಖಿರ್ಕಿ. ಮುಂದೆ ಔರಂಗಾಬಾದ್ ಆಗಿ, ಈಗ ಛತ್ರಪತಿ ಸಂಭಾಜಿನಗರವಾಗಿರುವುದು ಅದೇ. ದಿಲ್ಲಿಯಲ್ಲೂ ಒಂದು ಖಿರ್ಕಿ ಇದೆ: ತುಘಲಕರ ಕಾಲದ ಮಸೀದಿ, ಅದರ ಸುತ್ತ ಹಳ್ಳಿ, ಪಕ್ಕದಲ್ಲಿ ಕಡಿಮೆ ಬಾಡಿಗೆಯ ಖಿರ್ಕಿ ಎಕ್ಸ್‌ಟೆನ್ಷನ್. ಉಗಾಂಡ, ನೈಜೀರಿಯಾ, ಕಾಂಗೋದವರು ಅಲ್ಲಿ ಕೋಣೆ ಹಿಡಿದಿದ್ದರು. 2014ರ ಜನವರಿಯ ಒಂದು ನಡುರಾತ್ರಿ ದಿಲ್ಲಿ ಸರ್ಕಾರದ ಅಂದಿನ ಕಾನೂನು ಸಚಿವ ಸೋಮನಾಥ ಭಾರ್ತಿ ಬೆಂಬಲಿಗರೊಂದಿಗೆ ಅಲ್ಲಿಗೆ ಹೋದರು. ಮಾದಕವಸ್ತು, ವೇಶ್ಯಾವಾಟಿಕೆ ಎಂಬ ಆರೋಪ ಹೊರಿಸಿ ಆಫ್ರಿಕಾದ ಹೆಂಗಸರನ್ನು ತಡೆದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜೀವ್ ಚೌಕ್ ಮೆಟ್ರೋ ನಿಲ್ದಾಣದಲ್ಲಿ ಮೂವರು ಆಫ್ರಿಕನ್ ವಿದ್ಯಾರ್ಥಿಗಳು ಪೊಲೀಸ್ ಬೂತಿನಲ್ಲಿ ಆಸರೆ ಪಡೆದರೂ ಏಟು ತಪ್ಪಲಿಲ್ಲ. 2017ರ ಮಾರ್ಚ್‌ನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಹುಡುಗನೊಬ್ಬ ಕಾಣೆಯಾದಾಗ, ನೈಜೀರಿಯಾದವರು ನರಭಕ್ಷಕರು ಎಂಬ ಪಿಸುಮಾತು ಹಬ್ಬಿ ಜನ ಅವರ ಮನೆಗೆ ನುಗ್ಗಿದರು. ಹುಡುಗ ತೀರಿಕೊಂಡ ಮೇಲೆ ಮೋಂಬತ್ತಿ ಮೆರವಣಿಗೆ ಹೊರಟದ್ದು ಹೊಡೆದಾಟವಾಯಿತು. ಮಾಲ್‌ನಲ್ಲಿ ಆಫ್ರಿಕಾದವರಿಗೆ ಕುರ್ಚಿ ಎತ್ತಿ ಹೊಡೆದರು. ಇಷ್ಟಾದರೂ ಚಾಣಕ್ಯಪುರಿಯಲ್ಲಿ ಕ್ವಾಮೆ ಎನ್‌ಕ್ರುಮಾ ಮಾರ್ಗವಿದೆ, ವಸಂತ ಕುಂಜದಲ್ಲಿ ನೆಲ್ಸನ್ ಮಂಡೇಲಾ ಮಾರ್ಗವಿದೆ. ಅದೇ ವಸಂತ ಕುಂಜದಲ್ಲಿ 2016ರ ಮೇ ತಿಂಗಳಲ್ಲಿ ಆಟೊ ಹಿಡಿಯುವ ಜಗಳದಲ್ಲಿ ಕಾಂಗೋದ ಯುವಕನೊಬ್ಬನನ್ನು ಕೊಂದರು.

ಕರೆಯುವ ಹೆಸರಿನ ಪ್ರಶ್ನೆ ದಿಲ್ಲಿಯದಷ್ಟೇ ಅಲ್ಲ. ಅಮೆರಿಕದ ಕರಿಯರು ತಮ್ಮನ್ನು ಕರೆಯುವ ಶಬ್ದದ ಮೇಲೇ ನೂರು ವರ್ಷ ಜಗಳವಾಡಿದ್ದಾರೆ. ಇಂಗ್ಲಿಷಿನಲ್ಲಿ ನೀಗ್ರೋ ಎಂಬುದರ ಮೊದಲ ಅಕ್ಷರ ದೊಡ್ಡದಾಗಿರಬೇಕೆಂದು ಅವರ ಚಿಂತಕ ಡು ಬೋಯಿಸ್ ಪಟ್ಟು ಹಿಡಿದರು, 1930ರಲ್ಲಿ ನ್ಯೂಯಾರ್ಕ್ ಟೈಮ್ಸ್ ಒಪ್ಪಿತು. ಮೂವತ್ತು ನಲವತ್ತು ವರ್ಷದಲ್ಲಿ ಅವರ ಮೊಮ್ಮಕ್ಕಳ ತಲೆಮಾರು ಆ ಶಬ್ದವನ್ನೇ ಬಿಸಾಡಿ ಬ್ಲ್ಯಾಕ್ ಎಂದಿತು. 2016ರಲ್ಲಿ ಒಬಾಮಾ ಸಹಿ ಹಾಕಿ ಕೇಂದ್ರ ಕಾನೂನಿನಿಂದ ನೀಗ್ರೋ ಪದವನ್ನು ತೆಗೆಸಿದರು. ಇದನ್ನು ಬರೀ ಶಬ್ದದ ಹಟ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮತದ ಹಕ್ಕು, ಬಸ್ಸಿನ ಸೀಟು, ಶಾಲೆಯ ಬಾಗಿಲು ಕೇಳಿದವರೇ ಹೆಸರನ್ನೂ ಕೇಳಿದರು. ಓಟು ಕೈಗೆ ಬಂದಮೇಲೆ ಅವರ ಮಾತನ್ನು ತಳ್ಳಿಹಾಕುವುದು ಕಷ್ಟವಾಯಿತು. ದಿಲ್ಲಿಯ ಹಬ್ಶಿಗೆ ಆ ಬಲವಿಲ್ಲ. ಅವನದು ವಿದ್ಯಾರ್ಥಿ ವೀಸಾ, ಹನ್ನೊಂದು ತಿಂಗಳ ಬಾಡಿಗೆ ಕರಾರು.

ಗ್ರೇಟರ್ ನೋಯ್ಡಾದ ಗಲಾಟೆ ಆರುವ ಮೊದಲೇ ಬಿಜೆಪಿಯ ತರುಣ್ ವಿಜಯ್ ಟಿ.ವಿ.ಯಲ್ಲಿ ಒಂದು ಸಮರ್ಥನೆ ಕೊಟ್ಟರು. ನಾವು ಜನಾಂಗದ್ವೇಷಿಗಳಾಗಿದ್ದರೆ ತಮಿಳುನಾಡು, ಕೇರಳ, ಕರ್ನಾಟಕ, ಆಂಧ್ರದವರ ಜೊತೆ ಹೇಗೆ ಬಾಳುತ್ತಿದ್ದೆವು, ನಮ್ಮ ಸುತ್ತ ಕರಿಯರಿದ್ದಾರಲ್ಲ ಎಂಬುದು ಅದರ ಸಾರ. ಆಮೇಲೆ ಕ್ಷಮೆ ಕೇಳಿದರು. ನಮ್ಮವರು ಆಗ ಸಿಟ್ಟಾದರು, ಸರಿಯೇ. ಮದ್ರಾಸಿ ಎನ್ನಿಸಿಕೊಂಡು ಈ ಊರಲ್ಲಿ ಮುದುಕರಾದವರಿಗೆ ಆ ಉರಿ ಗೊತ್ತು. ಆದರೆ ಆ ಸಿಟ್ಟಿನಲ್ಲಿ ಅರ್ಧ ಭಾಗ, ನಮ್ಮನ್ನು ಆಫ್ರಿಕಾದವರ ಸಾಲಿಗೆ ಸೇರಿಸಿದಿರಲ್ಲ ಎಂಬುದಾಗಿತ್ತು. ಅದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ. ಅದಕ್ಕೂ ಒಂದು ವರ್ಷ ಹಿಂದೆ ಬೆಂಗಳೂರಿನ ಸೋಲದೇವನಹಳ್ಳಿಯಲ್ಲಿ, ಸುಡಾನಿನವನೊಬ್ಬ ಮಾಡಿದ ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿತ್ತು. ಹೊಡೆದವರ ಭಾಷೆ ಹಿಂದಿಯಲ್ಲ.

ಕನ್ನಡದವರಿಗೆ ಈ ವಿಷಯದಲ್ಲಿ ಬೇರೆ ನೆಪವೂ ಇಲ್ಲ, ಏಕೆಂದರೆ ನಮ್ಮ ಮನೆಯಲ್ಲೇ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ನನ್ನ ಒಡೆಯ ಎಂಬರ್ಥದ ಸಯ್ಯಿದಿ ಎಂಬ ಅರಬ್ಬಿ ಮಾತಿನಿಂದ ಬಂದ ಹೆಸರೆನ್ನುತ್ತಾರೆ. ಗುಲಾಮರಾಗಿದ್ದು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡವರು ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡು ಸೇರಿದರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಆದರು, ಅಡಿಕೆ ತೋಟಗಳಲ್ಲಿ ದುಡಿದರು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ಆ ಸಮುದಾಯದಿಂದ ಶಾಸಕರಾದ ಮೊದಲಿಗರು. ಯಲ್ಲಾಪುರದ ಸಿದ್ದಿ ಹುಡುಗ ಓದಲೆಂದೋ ಓಟದ ಸ್ಪರ್ಧೆಗೆಂದೋ ದಿಲ್ಲಿಗೆ ಬಂದರೆ ರೈಲು ಇಳಿದ ಕೂಡಲೇ ಅವನೂ ಹಬ್ಶಿಯೇ. ಅವನ ಆಧಾರ್ ಕಾರ್ಡನ್ನು ಯಾರೂ ಮೊದಲು ನೋಡುವುದಿಲ್ಲ.

ದ್ವಾರಕಾ, ಮಯೂರ ವಿಹಾರ, ನೋಯ್ಡಾಗಳಲ್ಲಿ ಒಂದು ಫ್ಲ್ಯಾಟಿನಲ್ಲಿದ್ದು ಇನ್ನೊಂದನ್ನು ಬಾಡಿಗೆಗೆ ಕೊಡುವ ಕನ್ನಡಿಗರು ಈಗ ಸಾಕಷ್ಟು ಜನ ಇದ್ದೀರಿ. ಬ್ರೋಕರ್ ಫೋನ್ ಮಾಡಿ ಆಫ್ರಿಕಾದವರು ಕೇಳ್ತಿದ್ದಾರೆ ಎಂದಾಗ ಯಾವ ದೇಶ, ಯಾವ ಕಾಲೇಜು ಎಂದು ಕೇಳಿ. ಪೊಲೀಸ್ ವೆರಿಫಿಕೇಶನ್ ಮಾಡಿಸಿ, ಎಲ್ಲ ಬಾಡಿಗೆದಾರರಿಗೆ ಮಾಡಿಸುವ ಹಾಗೆಯೇ. ಆಮೇಲೆ ಕೀಲಿಕೈ ಕೊಡಿ.